ಬಿಡಿ ಹಾಳೆಗಳು

ರಾಯಚೂರಿನ ಬಿಸಿಲಿಗೆ ಫ್ಯಾನ್ ಜೋರಾಗಿ ಹಾಕಿದ್ದೆ. ತಂಗಿಯ ಫೈಲಿನ ರಿಂಗ್ ತೆರೆದೇ ಇತ್ತು, ನೋಟ್ಸ್ ಎಲ್ಲಾ ಹಾರಿದವು.

ಎತ್ತಿಕೊಡುವಾಗ ಕಣ್ಣಿಗೆ ಬಿದ್ದದ್ದು ತುಂಗಭದ್ರಾ ಡ್ಯಾಮಿನ ಪಾಠ. ಹಳೇ ಹಾಳೆಗಳ ಮಧ್ಯೆ ಹೊಸದೊಂದು ಹಾಳೆ: 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದ ವಿಷಯ. ಹೊಲಿದ ನೋಟ್‌ಬುಕ್ಕಿನಲ್ಲಿ ಇದನ್ನು ಎಲ್ಲಿ ತುರುಕುವುದು?

ರಿಂಗಿಗೆ ಹಾಕಲು ಹಾಳೆಯ ಅಂಚಿನಲ್ಲಿ ಮಾಡಿದ ಎರಡು ತೂತಿನ ನಡುವೆ 80 ಮಿಲಿಮೀಟರ್. ಇದು ಅಂತರರಾಷ್ಟ್ರೀಯ ಅಳತೆ. ಇಲ್ಲಿ ಪಂಚ್ ಮಾಡಿದ ಹಾಳೆ ಜರ್ಮನಿಯ ಫೈಲಿನಲ್ಲೂ ಕೂರುತ್ತದೆ. ಎಷ್ಟು ಚಂದ ಅಲ್ವಾ? ನನಗಂತೂ ತುಂಬಾ ಇಷ್ಟವಾಯಿತು.

"ಪುಟದ ನಂಬರ್ ಹಾಕಿಬಿಡೇ, ಮತ್ತೆ ಹಾರಿದರೆ ಕಷ್ಟ" ಅಂದೆ.

"ಪೆನ್ಸಿಲ್‌ನಲ್ಲಿ ಹಾಕ್ತೀನಿ ಅಕ್ಕಾ, ನಡುವೆ ಇನ್ನೂ ಸೇರಿಸೋದಿದೆ" ಅಂದಳು.