ಅಣ್ಣಾ, ಸ್ಮ್ಯಾಶ್ ಗಟ್ಟಿ ಬೀಳ್ಲಿಕ್ಕೆ ಎಷ್ಟು ಗ್ರಾಮಿನ ಬ್ಯಾಟು?

ನಮ್ಮ ಮನೆಯ ಚಾವಡಿ ಮೂಲೆಯಲ್ಲಿ ಒಂದು ಗಟ್ಟಿಂಗ್ ಮೆಷಿನ್ ಉಂಟು, ಅಂದರೆ ಬ್ಯಾಡ್ಮಿಂಟನ್ ಬ್ಯಾಟಿಗೆ ಗಟ್ (ದಾರದ ಬಲೆ) ಬಿಗಿಯುವ ಯಂತ್ರ. ಉಡುಪಿ ಆಸುಪಾಸಿನಲ್ಲಿ ಶಟಲ್ ಆಡುವ ಹುಡುಗರು ಗಟ್ ತುಂಡಾದ ಬ್ಯಾಟು ಹಿಡಿದು ಸಂಜೆ ಹೊತ್ತಿಗೆ ಬರುತ್ತಾರೆ. ಕೆಲಸ ಮುಗಿಯುವವರೆಗೆ ಮುಕ್ಕಾಲು ಗಂಟೆ ಸುಮ್ಮನೆ ಕೂರುವುದು ಹೇಗೆ? ಕೇಳುತ್ತಾರೆ. ಹತ್ತರಲ್ಲಿ ಎಂಟು ಮಂದಿ ಕೇಳುವುದು ಮೇಲಿಂದ ಕೆಳಕ್ಕೆ ಬಡಿಯುವ ಸ್ಮ್ಯಾಶ್ ಹೊಡೆತದ ಬಗ್ಗೆಯೇ: "ಅಣ್ಣಾ, ಸ್ಮ್ಯಾಶ್ ಗಟ್ಟಿ ಬೀಳ್ಲಿಕ್ಕೆ ಎಷ್ಟು ಗ್ರಾಂದು ಬ್ಯಾಟ್ ತಗೊಳ್ಬೇಕು? 3ಯು ಒಳ್ಳೆದಾ, 4ಯು ಒಳ್ಳೆದಾ?"

4ಯು. ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಇಲ್ಲ. "ಅದು ಹಗುರ ಆಯ್ತಲ್ಲ ಅಣ್ಣಾ" ಎಂದು ಮುಖ ಸಣ್ಣ ಮಾಡುತ್ತಾರೆ. ಹಾಗಾಗಿ ಉದ್ದದ ಉತ್ತರ ಇಲ್ಲಿ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಹಿಡಿ ಮುಗಿದು ಶಾಫ್ಟ್ (ಹಿಡಿಗೂ ತಲೆಗೂ ನಡುವಿನ ಸಪೂರ ಕೋಲು) ಶುರುವಾಗುವಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದಲ್ಲ, ಬ್ಯಾಟು ಮಾಡುವ ಯೋನೆಕ್ಸ್ ಕಂಪನಿಯ ಲೆಕ್ಕದಲ್ಲಿ 3ಯು ಎಂದರೆ 85ರಿಂದ 89 ಗ್ರಾಂ, 4ಯು ಎಂದರೆ 80ರಿಂದ 84, 5ಯು ಎಂದರೆ 75ರಿಂದ 79. ಅಂಕಿ ಏರಿದ ಹಾಗೆ ಬ್ಯಾಟು ಹಗುರ. ಅಂದರೆ 84 ಗ್ರಾಮಿನದ್ದು 4ಯು, 85 ಗ್ರಾಮಿನದ್ದು 3ಯು. ಈ ಒಂದು ಗ್ರಾಮಿಗಾಗಿ ಅಂಗಡಿಯಲ್ಲಿ ಅರ್ಧ ದಿನ ಚರ್ಚೆ ಮಾಡಿ ಬಂದವರನ್ನು ನೋಡಿದ್ದೇನೆ. ಅದೂ ಗಟ್ಟಿಂಗ್ ಇಲ್ಲದ ಖಾಲಿ ಬ್ಯಾಟಿನ ತೂಕ. ಗಟ್ ಹಾಕಿದರೆ ನಾಲ್ಕೈದು ಗ್ರಾಂ, ಮೇಲೊಂದು ಗ್ರಿಪ್ ಸುತ್ತಿದರೆ ಇನ್ನೊಂದು ಐದು. ನಮ್ಮ ಊರಿನ ಸೆಕೆಗೆ ಕೈ ಬೆವರಿ ಜಾರುತ್ತದೆಂದು ಎರಡು ಗ್ರಿಪ್ ಸುತ್ತುವವರಿದ್ದಾರೆ. ಅವರ 4ಯು ಯಾವತ್ತೋ 3ಯು ತೂಕ ದಾಟಿ ಹೋಗಿರುತ್ತದೆ.

ಆದರೆ ಆ ಗ್ರಾಮುಗಳು ಎಲ್ಲಿ ಕೂತಿವೆ ಎನ್ನುವುದರಲ್ಲೇ ನಿಜವಾದ ಆಟ ಇರುವುದು. ತೋರುಬೆರಳಿನ ಮೇಲೆ ಬ್ಯಾಟನ್ನು ಅಡ್ಡ ಇಟ್ಟು, ಅತ್ತ ಇತ್ತ ವಾಲದೆ ನಿಲ್ಲುವ ಜಾಗ ಹುಡುಕಿ, ಹಿಡಿಯ ಬುಡದಿಂದ ಅಲ್ಲಿಗೆ ಸ್ಕೇಲಿನಲ್ಲಿ ಅಳೆಯಿರಿ. ಖಾಲಿ ಬ್ಯಾಟಿಗೆ 285ರಿಂದ 295 ಮಿಲಿಮೀಟರ್ ಬಂದರೆ ಸಮತೂಕದ್ದು. ಹೆಚ್ಚು ಬಂದರೆ ತಲೆಭಾರ, ಕಡಿಮೆ ಬಂದರೆ ತಲೆ ಹಗುರ. ಕಂಪನಿಗೊಂದು ಲೆಕ್ಕ ಇದ್ದರೂ ಅಂದಾಜಿಗೆ ಇದು ಸಾಕು. ಹಿಡಿಗೆ ಐದು ಗ್ರಾಮಿನ ಗ್ರಿಪ್ ಸುತ್ತಿದರೆ ಈ ಬಿಂದು ಸುಮಾರು 1 ಸೆಂಟಿಮೀಟರ್ ಕೈಯ ಕಡೆ ಸರಿಯುತ್ತದೆ. ಗಟ್ ಹಾಕಿದರೆ ಅದಕ್ಕಿಂತ ತುಸು ಹೆಚ್ಚೇ ತಲೆಯ ಕಡೆ ಹೋಗುತ್ತದೆ. ತಲೆಭಾರದ 4ಯು ಕೈಗೆ ತಲೆ ಹಗುರದ 3ಯುಗಿಂತ ಭಾರ ಅನಿಸುವುದು ಇದಕ್ಕೇ. ಅಂಗಡಿಯವರು ತೂಕ ಹೇಳುತ್ತಾರೆ, ಇದನ್ನು ಕೇಳಿದರೆ ಮಾತ್ರ ಹೇಳುತ್ತಾರೆ.

ಭಾರದ ಬ್ಯಾಟಿನಿಂದ ಪೆಟ್ಟು ಜೋರು ಎನ್ನುವ ನಂಬಿಕೆ ನನಗೂ ಇತ್ತು. ಕಾಯಿ ಒಡೆಯುವ ಕತ್ತಿ ನೋಡಿ ಬೆಳೆದವರು ನಾವು. ಅಲ್ಲಿ ಭಾರವೇ ಅರ್ಧ ಕೆಲಸ ಮಾಡುತ್ತದೆ. ಆದರೆ ತೆಂಗಿನಕಾಯಿ ಎದುರು ನಿಲ್ಲುತ್ತದೆ, ಶಟಲ್ ನಿಲ್ಲುವುದಿಲ್ಲ. ನಿಯಮದ ಪ್ರಕಾರ ಅದರ ತೂಕ 4.74ರಿಂದ 5.50 ಗ್ರಾಂ. ಅಷ್ಟು ಹಗುರದ್ದನ್ನು ಓಡಿಸಲು ಬ್ಯಾಟಿಗೆ ಇನ್ನೂ ಐದು ಗ್ರಾಂ ಸೇರಿಸಿದರೆ ಸಿಗುವುದು ಅತ್ಯಲ್ಪ. ಬ್ಯಾಟಿನ ತಲೆ ಎಷ್ಟು ವೇಗದಲ್ಲಿ ಬಂತು ಎನ್ನುವುದರ ಮೇಲೇ ಎಲ್ಲ. ಆ ವೇಗ ಹುಟ್ಟುವುದು ಸೊಂಟ, ಭುಜ ತಿರುಗಿ ಕೊನೇ ಗಳಿಗೆಯಲ್ಲಿ ಮುಂಗೈ ಮಗುಚಿದಾಗ. ಬ್ಯಾಟು ಭಾರ ಆದರೆ ಮೊದಲು ತಡವಾಗುವುದು ಆ ಮಗುಚುವಿಕೆಯೇ.

ನಂಬದವರಿಗೆ ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಇದ್ದಾರೆ. 2023ರ ಏಪ್ರಿಲ್‌ನಲ್ಲಿ ಜಪಾನಿನ ಯೋನೆಕ್ಸ್ ಕಾರ್ಖಾನೆಯಲ್ಲಿ ಅವರು ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್, ಗಿನ್ನೆಸ್ ದಾಖಲೆ. ಕೈಯಲ್ಲಿದ್ದದ್ದು ನ್ಯಾನೋಫ್ಲೇರ್ 1000 ಜೆಡ್, ತಲೆ ಹಗುರದ ಬ್ಯಾಟು! ಇದನ್ನು ಹೇಳಿದ ಮರುದಿನವೇ ಒಬ್ಬ ಆ ಬ್ಯಾಟಿನ ಬೆಲೆ ಕೇಳಿದ. ಮಾರಾಯಾ, ಅದರ ಶಾಫ್ಟ್ ಸಿಕ್ಕಾಪಟ್ಟೆ ಬಿರುಸು, ಅವರಂಥ ತೋಳಿಗೇ ಅದು ಬಾಗುವುದು. ನಾನು ಹೇಳಿದ್ದು ತೋಳಿನ ವಿಷಯ.

ನನ್ನದೇ ಕತೆ ಕೇಳಿ. ಹತ್ತು ವರ್ಷದ ಹಿಂದೆ ತಲೆಭಾರದ, ಬಿರುಸು ಶಾಫ್ಟಿನ 3ಯು ತಂದೆ. ಮೊದಲ ವಾರ ಹಬ್ಬ. ಹೊಡೆದ ಸದ್ದಿಗೆ ಪಕ್ಕದ ಕೋರ್ಟಿನವರು ತಿರುಗಿ ನೋಡುತ್ತಿದ್ದರು. ಆ ಮೇಲೆ ಮೂರನೇ ಗೇಮಿನಲ್ಲಿ ಶಟಲ್ ನೆಟ್ಟಿಗೆ ಬೀಳತೊಡಗಿತು. ಕೈ ಅರ್ಧ ಕ್ಷಣ ತಡ. ಅದನ್ನು ಭುಜದ ಬಲದಲ್ಲಿ ಸರಿಮಾಡಲು ಹೊರಟೆ. ಎರಡು ತಿಂಗಳಿಗೆ ಮೊಣಕೈಯ ಹೊರಬದಿಯಲ್ಲಿ ನೋವು. ಒಂದು ಬೆಳಿಗ್ಗೆ ಕಾಯಿ ಹೆರೆಯಲು ಹೆರೆಮಣೆ ಮೇಲೆ ಕೂತರೆ ಗಡಿ ತಿರುಗಿಸಲು ಕೈಯೇ ಬರಲಿಲ್ಲ. ಟೆನ್ನಿಸ್ ಎಲ್ಬೋ ಅಂದರು ಡಾಕ್ಟರು. ಟೆನ್ನಿಸ್ ಬ್ಯಾಟು ನಾನು ಮುಟ್ಟಿದವನೇ ಅಲ್ಲ. ನಾಲ್ಕು ತಿಂಗಳು ಕೋರ್ಟಿನ ಹೊರಗೆ ಕೂತು ಸ್ಕೋರ್ ಹೇಳಿದೆ.

ಆದ್ದರಿಂದ ನನ್ನ ಅಳತೆ ಇಷ್ಟೇ: ಮೂರನೇ ಗೇಮಿನ ಹದಿನೈದನೇ ಪಾಯಿಂಟಿನಲ್ಲೂ ಮೊದಲ ಗೇಮಿನಷ್ಟೇ ಬಿರುಸಾಗಿ ಬೀಸಲು ಬರುವ ಬ್ಯಾಟು ನಿಮ್ಮದು. ಅಂಗಡಿಯಲ್ಲಿ ಎರಡು ಸಲ ಗಾಳಿಗೆ ಬೀಸಿದರೆ ಇದು ಗೊತ್ತಾಗುವುದಿಲ್ಲ. ಗೆಳೆಯರದ್ದನ್ನು ಕೇಳಿ ತಂದು ಒಂದು ಇಡೀ ಸಂಜೆ ಆಡಿ. ಇಲ್ಲಿ ಕೋರ್ಟಿನ ಬಾಡಿಗೆ ಹಂಚಿಕೊಳ್ಳಬೇಕಾದ್ದರಿಂದ ಎಲ್ಲರೂ ಆಡುವುದು ಡಬಲ್ಸ್. ಹಿಂದೆ ನಿಂತು ಹೊಡೆಯುವವರಿಗೆ ತುಸು ತಲೆಭಾರದ 4ಯು, ನೆಟ್ಟಿನ ಹತ್ತಿರ ನಿಲ್ಲುವವರಿಗೆ ಸಮತೂಕದ 4ಯು ಅಥವಾ 5ಯು. ಶಾಫ್ಟಿನ ಬಿರುಸು ಮಧ್ಯಮದ್ದಿರಲಿ.

ಬ್ಯಾಟು ಬದಲಿಸುವ ಮೊದಲು ಗಟ್ಟಿಂಗ್ ನೋಡಿ. ಟಿವಿಯಲ್ಲಿ ಆಡುವವರನ್ನು ನೋಡಿ 28 ಪೌಂಡ್ ಬಿಗಿತ ಹಾಕಿ ಎನ್ನುತ್ತಾರೆ. ಹೆಚ್ಚು ಬಿಗಿದರೆ ಗಟ್ ಹಲಗೆಯ ಹಾಗೆ; ನೀವೇ ಎಲ್ಲ ಬಲ ಹಾಕಬೇಕು. 23, 24ಕ್ಕೆ ಇಳಿಸಿದರೆ ಅದೇ ಶಟಲನ್ನು ಚಿಮ್ಮಿಸಿ ಕಳಿಸುತ್ತದೆ. ಸ್ಮ್ಯಾಶ್ ಹೋಗುವುದಿಲ್ಲ ಎಂದು ಬಂದ ಎಷ್ಟೋ ಮಂದಿಗೆ ನಾನು ಮಾಡಿದ್ದು ಇಷ್ಟೇ.

ಬೆಂಗಳೂರಿನಲ್ಲಿ ಕೆಲಸ ಮಾಡಿ ದೀಪಾವಳಿ ರಜೆಗೆ ಬರುವವರದ್ದು ಬೇರೆ ದೂರು. "ಅಲ್ಲಿ ಬೇಸ್‌ಲೈನಿನಿಂದ ಬೇಸ್‌ಲೈನಿಗೆ ಆರಾಮ ಹೋಗ್ತದೆ, ಇಲ್ಲಿ ಹೋಗುದೇ ಇಲ್ಲ. ಭಾರದ ಬ್ಯಾಟು ಬೇಕಾ?" ಬೇಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಗಾಳಿ ತೆಳು, ಶಟಲ್ ಸಲೀಸಾಗಿ ಓಡುತ್ತದೆ. ನಮ್ಮದು ಕಡಲ ಬದಿ. ಇನ್ನೂ ವೇಗದ ಶಟಲಿಗೆ ಬದಲಿಸಿ. ಪ್ಲಾಸ್ಟಿಕ್ಕಿನದ್ದಾದರೆ ಹಸಿರು ಪಟ್ಟಿಯದ್ದು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ.

ಅಂದ ಹಾಗೆ ಪಡುಕೋಣೆ ನಮ್ಮ ಕುಂದಾಪುರದಾಚೆಯ ಊರು. ಆ ಹೆಸರು ಹೊತ್ತ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಫೈನಲಿನಲ್ಲಿ ಸೋಲಿಸಿದ್ದು ಸ್ಮ್ಯಾಶಿಗೇ ಹೆಸರಾಗಿದ್ದ ಇಂಡೋನೇಷ್ಯಾದ ಲಿಯಮ್ ಸ್ವೀ ಕಿಂಗ್ ಅವರನ್ನು, 15-3, 15-10. ಹುಡುಗರಿಗೆ ಇದನ್ನು ಹೇಳಿದರೆ ಆಕಳಿಸುತ್ತಾರೆ, ಇರಲಿ.

ಹಾಗಾದರೆ 3ಯು ಯಾರಿಗೂ ಬೇಡವಾ? ಬೇಕು. ನನ್ನ ಆ ಬ್ಯಾಟು ಇವತ್ತಿಗೂ ಗೋಡೆಯ ಮೊಳೆಯಲ್ಲಿ ಉಂಟು. ಮಲ್ಪೆಯಿಂದ ಬೋಟಿಗೆ ಹೋಗುವ ನೆರೆಮನೆಯ ಹುಡುಗ, ಆರಡಿ ಎತ್ತರ, ಬಲೆ ಎಳೆದ ತೋಳು, ಜೂನ್ ಒಂದಕ್ಕೆ ಮೀನುಗಾರಿಕೆ ನಿಂತ ಕೂಡಲೇ ಅದನ್ನು ಇಳಿಸಿಕೊಂಡು ಹೋಗುತ್ತಾನೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವ ಸದ್ದಿನ ನಡುವೆಯೂ ಅವನ ಸ್ಮ್ಯಾಶ್ ಬೇರೆಯಾಗಿ ಕೇಳುತ್ತದೆ. ಎಷ್ಟು ಗ್ರಾಂ ಎಂದು ಅವನು ಈವರೆಗೆ ಕೇಳಿಲ್ಲ. ಆಗಸ್ಟಿನಲ್ಲಿ ಬೋಟು ನೀರಿಗಿಳಿದ ಮೇಲೆ ಬ್ಯಾಟು ವಾಪಸ್ ಮೊಳೆಗೆ ಬರುತ್ತದೆ, ಹೆಚ್ಚಾಗಿ ಗಟ್ ತುಂಡಾಗಿಯೇ.