ವಿಷಯ: ಮಕ್ಕಳನ್ನು ಕಣಕುಂಬಿಗೆ ಕರೆದುಕೊಂಡು ಹೋಗುವ ಬಗ್ಗೆ

ಬೆಳಗಾವಿ
ಡಿಸೆಂಬರ್ 17, 2024, ಮಂಗಳವಾರ ರಾತ್ರಿ

ನಾಲ್ಕನೇ ಸಲಕ್ಕೆ ಫೋನ್ ಎತ್ತಿದರು. ಶಾಸಕರಲ್ಲ, ಅವರ ಪಿಎ. ಹಿಂದೆ ಒಂದೇ ಗದ್ದಲ. ಅಧಿವೇಶನ ನಡೆದಿದೆ ಅಲ್ವಾ, ಸುವರ್ಣಸೌಧದಿಂದಲೇ ಮಾತಾಡ್ತಿದ್ದರು ಅನ್ಸುತ್ತೆ. ನಾನು ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲೆ ನೋಡಿಕೊಳ್ಳುವ ಪಾಲಕರ ಸಮಿತಿಯ ಸದಸ್ಯೆ ಅಂದ ಕೂಡಲೇ ಅವರೇ ಶುರು ಮಾಡಿದರು.

"ಹೇಳ್ರಿ ಅಕ್ಕಾರ. ಕಂಪೌಂಡ್ ಏನ್ರಿ, ಶೌಚಾಲಯ ಏನ್ರಿ?"

"ಎರಡೂ ಅಲ್ರಿ. ಏಳನೇತ್ತಾ ಮಕ್ಕಳನ್ನ ಕಣಕುಂಬಿಗೆ ಕರಕೊಂಡ ಹೋಗಬೇಕ್ರಿ. ಮಲಪ್ರಭಾ ಎಲ್ಲಿ ಹುಟ್ಟತೈತಿ ಅಂತ ತೋರಸಾಕ."

ಒಂದು ಕ್ಷಣ ಸುಮ್ಮನಾದರು. "ಅದು ಕಾಮಗಾರಿ ಅಲ್ಲಲ್ರೀ" ಅಂದರು.

ಬೈಯಲಿಲ್ಲ. ಫೋನ್ ಇಡಲೂ ಇಲ್ಲ. ಅವರು ಹೇಳಿದ್ದು ನಿಜವೇ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಎರಡೂ ಮುಖ್ಯವಾಗಿ ಕಟ್ಟುವ ಕೆಲಸಕ್ಕೆ. ಕೋಣೆ, ರಸ್ತೆ, ಕೊಳವೆಬಾವಿ. ಒಂದು ದಿನದ ಬಸ್ ಬಾಡಿಗೆಯನ್ನು ಅದರಲ್ಲಿ ಯಾವ ಲೆಕ್ಕಕ್ಕೆ ಹಾಕೋದು?

"ಹಂಗಾದ್ರ ಸಾಹೇಬ್ರು ಸದನದಾಗರ ಕೇಳಲಿ" ಅಂದೆ. ಗಂಟಲು ಸ್ವಲ್ಪ ನಡುಗಿತು. ಆದರೂ ಹೇಳಿದೆ. ಮಕ್ಕಳಿಗೆ ಕಾಡು ತೋರಿಸುವ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನಕ್ಕೆ ದುಡ್ಡು ಜಾಸ್ತಿ ಮಾಡಲಿ. ಇಲ್ಲ, ಪ್ರತಿ ಸರ್ಕಾರಿ ಶಾಲೆಗೂ ವರ್ಷಕ್ಕೊಂದು ಸಲ ಹೊರಗಿನ ಪಾಠ ಅಂತ ಶಿಕ್ಷಣದ ಬಜೆಟ್‌ನಲ್ಲೇ ಇಡಲಿ. ಮುಂದಿನ ಬಜೆಟ್ ಬರೋಕೆ ಇನ್ನೆಷ್ಟು ದಿನ? ಎಲ್ಲ ಶಾಸಕರೂ ನಮ್ಮೂರಲ್ಲೇ ಇರುವಾಗ ಕೇಳದಿದ್ದರೆ ಇನ್ಯಾವಾಗ ಕೇಳೋದು?

"ಒಂದ್ ಪತ್ರಾ ಬರದು ವಾಟ್ಸಾಪ್ ಮಾಡ್ರಿ. ಒಂದ ಪೇಜ್ ಇರ್ಲಿ. ಎಸ್ಟಿಮೇಟ್ ಹಚ್ರಿ. ಭಾಳ ಉದ್ದ ಬರೀಬ್ಯಾಡ್ರಿ."

ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ. ಒಂದೇ ಪುಟದಲ್ಲಿ ಆ ದಿನವನ್ನು ಹೇಗೆ ಬರೆಯಲಿ?

ಹೋದ ವರ್ಷ ಗಣಪತಿ ಹಬ್ಬದ ರಜೆಯಲ್ಲಿ ಮಗನನ್ನೂ ಪಕ್ಕದ ಮನೆ ಚಿನ್ನಿಯನ್ನೂ ಕಣಕುಂಬಿಗೆ ಕರೆದುಕೊಂಡು ಹೋಗಿದ್ದೆ. ಜಾಂಬೋಟಿ ಮೇಲೆ ಹಾದು ಹೋಗುವ ಬಸ್. ನನಗೂ ಚಿನ್ನಿಗೂ ಶಕ್ತಿ ಟಿಕೆಟ್, ಮಗನಿಗೆ ಹಾಫ್. ಮಳೆ ಬಿಟ್ಟು ಬಿಟ್ಟು ಬರ್ತಿತ್ತು. ಗುಡಿ ಹತ್ತಿರದ ನೀರು ನೋಡಿ ಚಿನ್ನಿ ನನ್ನ ಸೆರಗು ಜಗ್ಗಿದಳು. "ಕಾಕೂ, ಇಷ್ಟ ಏನ್?"

ಅಜ್ಜಿ ಜೊತೆ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಅವಳು ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಡ್ಯಾಮ್ ನೋಡಿದ್ದಳು. ಕಣ್ಣು ಹಾಯುವಷ್ಟೂ ನೀರು. ಆ ನೀರೂ ಈ ನೀರೂ ಒಂದೇ ಅಂದರೆ ನಂಬಲಿಲ್ಲ. ಬೊಗಸೆ ತುಂಬ ನೀರು ಹಿಡಿದು ನಿಂತಳು. ಬೆರಳ ಸಂದಿಯಿಂದ ಸೋರಿ ಹೋಗ್ತಿತ್ತು, ಮತ್ತೆ ತುಂಬಿಕೊಳ್ತಿದ್ದಳು. "ಇದು ಸವದತ್ತಿ ಮುಟ್ಟಾಕ ಎಷ್ಟ ದಿನಾ ಬೇಕು?" ನನಗೆ ಗೊತ್ತಿರಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ ಸಿಕ್ಕ ಒಂದೊಂದು ಹಳ್ಳಕ್ಕೂ ಕಿಟಕಿಗೆ ಮುಖ ಒತ್ತಿ ಕೇಳಿದಳು, "ಇದೂ ಅದಕ್ಕ ಕೂಡತೈತೇನ್ ಕಾಕೂ?"

ಮಲಪ್ರಭಾ ನದಿಯ ಉಗಮಸ್ಥಾನ ಯಾವುದು? ಕಣಕುಂಬಿ. ಒಂದು ಅಂಕ. ಪರೀಕ್ಷೆಯ ಆ ಅಂಕ ಅವಳಿಗೆ ಕಣಕುಂಬಿ ನೋಡುವ ಮೊದಲೇ ಬಂದಿತ್ತು.

ನಮ್ಮೂರಿಂದ ಕಣಕುಂಬಿ ನಲವತ್ತು ಕಿಲೋಮೀಟರ್ ಆಸುಪಾಸು, ಅಷ್ಟೇ. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕು ಅಂತ ಎಷ್ಟು ವರ್ಷದಿಂದ ಹೋರಾಟ ನಡೆದಿದೆ. ಆ ಕಳಸಾ ಹಳ್ಳವೂ ಅಲ್ಲೇ ಇದೆ. ನಾಳೆ ಆ ನೀರಿಗಾಗಿ ಮಾತಾಡಬೇಕಾದ ಮಕ್ಕಳು ಅದನ್ನು ಒಮ್ಮೆ ಕಣ್ಣಾರೆ ನೋಡಬಾರದಾ?

ಈ ಶನಿವಾರ ಸಂಭ್ರಮ ಶನಿವಾರ, ಬ್ಯಾಗ್ ಇಲ್ಲ. ಮಕ್ಕಳು ಕಂಪೌಂಡ್ ಒಳಗೇ ಇರ್ತಾರೆ.

ನಮ್ಮ ಶಾಲೆಯ ಮುಖ್ಯ ಶಿಕ್ಷಕಿ, ಹೆಡ್ ಬಾಯಾರಿಗೆ ಫೋನ್ ವಿಷಯ ಹೇಳಿದೆ. ಅವರು ಖುಷಿ ಪಡಲಿಲ್ಲ. "ಸದ್ಯಕ್ಕ ಪ್ರವಾಸದ ಮಾತ ಬ್ಯಾಡ್ರಿ. ಪಾಲಕರು ಏನಂತಾರ?" ಹೋದ ಮಂಗಳವಾರವಷ್ಟೇ ಮುರುಡೇಶ್ವರದಲ್ಲಿ, ಮುಳಬಾಗಿಲು ಕಡೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ಸಮುದ್ರದ ಪಾಲಾದರು. ಆ ಸುದ್ದಿ ನೋಡಿದ ರಾತ್ರಿ ನಾನೂ ಎರಡು ಸಲ ಎದ್ದು ಮಗನ ಹೊದಿಕೆ ಸರಿ ಮಾಡಿದ್ದೆ. ಬಾಯಾರ ಭಯ ನನಗೆ ಗೊತ್ತಾಗುತ್ತೆ. ಏನಾದರೂ ಆದರೆ ಮೊದಲು ಕೈ ತೋರಿಸೋದು ಅವರ ಕಡೆಗೇ.

ಆದರೆ ಅದಕ್ಕೇ ದುಡ್ಡು ಬೇಕು ಅಂತ ನಾನು ಹೇಳ್ತಿರೋದು. ಚಂದಾ ಎತ್ತಿ ಹೊರಟಾಗ ಮೊದಲು ಕಡಿಮೆ ಮಾಡೋದು ಜೊತೆಗೆ ಹೋಗುವ ದೊಡ್ಡವರನ್ನೇ. ಅವರ ಊಟ, ಅವರ ಸೀಟು ಉಳಿಯುತ್ತೆ ಅಂತ. ಜಾಗ ಗೊತ್ತಿರುವ ಒಬ್ಬರು, ನೀರಿನ ಹತ್ತಿರ ಹಗ್ಗ ಹಿಡಿದು ನಿಲ್ಲುವ ಇಬ್ಬರು, ಒಂದು ಔಷಧಿ ಡಬ್ಬಿ. ಇದೆಲ್ಲ ಎಸ್ಟಿಮೇಟ್‌ನಲ್ಲಿ ಬರಲೇಬೇಕು. ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡರೆ ನೀರಿನ ಹತ್ತಿರ ಹೇಗೆ ನಿಲ್ಲಬೇಕು ಅಂತ ಅವರಿಗೆ ಯಾರು ಕಲಿಸ್ತಾರೆ?

ಹತ್ತೂವರೆ ಆಯ್ತು. ಚಳಿ ಜಾಸ್ತಿ ಇದೆ. ಪತ್ರಕ್ಕೆ "ಮಾನ್ಯರೇ" ತನಕ ಬಂದಿದ್ದೇನೆ. ಕೆಳಗೆ ಲೆಕ್ಕ. 48 ಮಕ್ಕಳು. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಅಂತ ಬರೆದಿದ್ದೆ, ಹೊಡೆದು ಹಾಕಿ ಎಂಟಕ್ಕೆ ಒಬ್ಬರು ಅಂತ ಮಾಡಿದೆ. ಆರು ಜನ ಆದರು. ಬಾಯಾರು ಮೂವರು, ನಾನೊಬ್ಬಳು. ಇನ್ನಿಬ್ಬರು ಬೇಕು. ಚಿನ್ನಿಯ ಅಪ್ಪನಿಗೆ ಈಜು ಬರುತ್ತೆ, ನಾಳೆ ಬೆಳಿಗ್ಗೆ ನಲ್ಲಿ ಹತ್ತಿರ ಸಿಕ್ಕರೆ ಅವರನ್ನ