ಗ್ಲಾಸಿಲ್ಲದ ಕೈಲ್‌ಪೊಳ್ದ್

ಕೊಡಗಿನಲ್ಲಿ ಕುಡಿತ ಬಿಡುವವನಿಗೆ ಬಾಟಲಿಗಿಂತ ಜಾಸ್ತಿ ತೊಂದರೆ ಕೊಡುವುದು ನೆಂಟರು. ಬೈಯುವ ನೆಂಟರಲ್ಲ, ಪ್ರೀತಿ ಇರುವವರು. ಸಂಜೆ ಆರು ದಾಟಿದ ಮೇಲೆ ನಮ್ಮ ಕಡೆ ಯಾರಾದರೂ "ಏನು ತಗೋತೀಯ?" ಅಂದರೆ ಅದು ಕಾಫಿಯ ಮಾತಲ್ಲ. ಮದುವೆ, ನಾಮಕರಣ, ಹಾಕಿ ಮ್ಯಾಚ್ ಗೆದ್ದದ್ದು, ಸೋತದ್ದು, ಮಳೆ ಹಿಡಿದದ್ದು, ಮಳೆ ಬಿಟ್ಟದ್ದು, ಎಲ್ಲದಕ್ಕೂ ಒಂದು ಲಾರ್ಜ್ ಇದ್ದೇ ಇರುತ್ತದೆ.

ನಾನು ಬಿಟ್ಟದ್ದು ಕಕ್ಕಡ ತಿಂಗಳಲ್ಲಿ. ಅದಕ್ಕಿಂತ ಕೆಟ್ಟ ಹೊತ್ತು ಹುಡುಕಿದರೂ ಸಿಗಲ್ಲ. ಜುಲೈ ಆಗಸ್ಟ್ ಮಳೆ, ದಿನಗಟ್ಟಲೆ ಕರೆಂಟ್ ಇಲ್ಲ, ತೋಟಕ್ಕೆ ಇಳಿದರೆ ಜಿಗಣೆ, ಒಣಗದ ಬಟ್ಟೆಯ ವಾಸನೆ ಮನೆ ತುಂಬಾ. ಈ ಚಳಿಗೆ ಒಂದು ಪೆಗ್ ಹಾಕದಿದ್ದರೆ ಮೈ ಬೆಚ್ಚಗಾಗೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಆದರೆ ಕುಡಿದಾಗ ಚರ್ಮದ ಕೆಳಗಿನ ರಕ್ತನಾಳಗಳು ಅಗಲವಾಗಿ ಮೈ ಬಿಸಿಯಾದ ಹಾಗೆ ಅನ್ನಿಸುತ್ತದೆ ಅಷ್ಟೇ, ಒಳಗಿನ ಶಾಖ ಹೊರಗೆ ಹೋಗುತ್ತಾ ಇರುತ್ತದೆ. ಇದನ್ನು ನಮ್ಮ ಚಿಕ್ಕಪ್ಪನಿಗೆ ಹೇಳಿದೆ. ಅವರು ರಿಟೈರ್ಡ್ ಸುಬೇದಾರ್. "ನಾನು ಸಿಯಾಚಿನ್ ನೋಡಿದವನು, ನೀನು ನನಗೆ ಚಳಿ ಕಲಿಸಬೇಡ" ಅಂದರು. ಅಲ್ಲಿಗೆ ಮುಗೀತು.

"ನಾಳೆಯಿಂದ ಪೂರ್ತಿ ನಿಲ್ಲಿಸ್ತೀನಿ ಸಾರ್" ಅಂದಾಗ ಡಾಕ್ಟರ್ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು, ಮನೆಯಲ್ಲಿ ಒಬ್ಬರೇ ಅಂಥ ಸಾಹಸ ಮಾಡಬೇಡಿ, ಬಂದು ಅಡ್ಮಿಟ್ ಆಗಿ ಅಂದರು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಂತಿ ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆಯುವಾಗ ಕೆಲವರು ಇಲ್ಲದ್ದನ್ನೆಲ್ಲ ನೋಡಿ ಕಿರುಚಲು ಶುರುಮಾಡುತ್ತಾರೆ, ಆಗ ಜೀವಕ್ಕೇ ಅಪಾಯ. ಮದ್ಯ ಮಿದುಳಿಗೆ ಬ್ರೇಕ್ ಇದ್ದ ಹಾಗೆ. ವರ್ಷಗಟ್ಟಲೆ ಬ್ರೇಕ್ ಮೇಲೆ ಕಾಲಿಟ್ಟರೆ ಮಿದುಳು ಆಕ್ಸಿಲರೇಟರ್ ಒತ್ತಿಕೊಂಡೇ ಓಡೋದನ್ನು ಕಲಿತಿರುತ್ತದೆ, ಒಮ್ಮೆಲೇ ಕಾಲು ತೆಗೆದರೆ ಗಾಡಿ ಕೈಗೆ ಸಿಗಲ್ಲ. ಆಸ್ಪತ್ರೆಯಲ್ಲಿ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು, ನಡುಕ ತಡೆಯುವ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಕಡಿಮೆ ಮಾಡಿದರು. ಆ ದಿನಗಳ ಬಗ್ಗೆ ಇನ್ನೇನೂ ಹೇಳೋದಿಲ್ಲ, ಓದುವವರಿಗೂ ಬೇಜಾರು.

ಮನೆಗೆ ಬಂದ ಮೇಲೆ ಕಷ್ಟವಾದದ್ದು ಸಂಜೆ. ಏಳರಿಂದ ಹತ್ತರವರೆಗೆ ಅಷ್ಟೊಂದು ಹೊತ್ತು ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ, ಅದು ಸರಿಹೋಗಲು ವಾರಗಳೇ ಬೇಕಾಯಿತು. ಸಿಹಿ ತಿನ್ನುವ ಹುಚ್ಚು ಬೇರೆ. ಮಕ್ಕಳಿಗೆ ತಂದ ಬರ್ಫಿ ಡಬ್ಬವನ್ನು ಹೆಂಡತಿ ನನ್ನಿಂದ ಮುಚ್ಚಿಡಬೇಕಾಯಿತು.

ಇಷ್ಟರಲ್ಲಿ ಸೆಪ್ಟೆಂಬರ್ 3 ಬಂತು, ಕೈಲ್‌ಪೊಳ್ದ್.

ಹೊರಗಿನವರಿಗೆ ಹೇಳೋದಾದರೆ, ಇದು ನಮ್ಮ ಆಯುಧ ಪೂಜೆ. ನಾಟಿ ಮುಗಿದಿರುತ್ತದೆ, ಗದ್ದೆ ಕೆಲಸಕ್ಕೆ ಬಿಡುವು. ಕೋವಿ, ಒಡಿಕತ್ತಿ ಎಲ್ಲ ತೊಳೆದು ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ದೇವರ ದೀಪ ಇಡುವ ನಡುಮನೆಯಲ್ಲಿ ಇಟ್ಟು, ಕೋವಿ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತೇವೆ. ಆ ಕೆಂಪು ಹಳದಿ ಹೂ ಈ ಹೊತ್ತಿಗೆ ಸರಿಯಾಗಿ ಬೇಲಿ ಮೇಲೆ ಅರಳುತ್ತದೆ. ಆಮೇಲೆ ಹಂದಿ ಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು. ಅದರ ಜೊತೆಗೆ ಏನು ಅಂತ ಬೇರೆ ಹೇಳಬೇಕಾ?

ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಹೋಗೋದು ಬೇಡ, ಜ್ವರ ಅಂತ ಹೇಳಿಬಿಡೋಣ ಅಂತ ಹೆಂಡತಿ ಹೇಳಿದಳು. ನಾನು ಹೋದೆ. ಒಂದು ಹಬ್ಬ ತಪ್ಪಿಸಬಹುದು, ಮುಂದೆ ಸುಗ್ಗಿ ಹಬ್ಬ ಪುತ್ತರಿ ಇದೆ, ಮದುವೆಗಳ ಸಾಲೇ ಇದೆ, ಎಷ್ಟಕ್ಕೆ ಅಂತ ಜ್ವರ ಬರಿಸೋದು.

ಮೊದಲ ಪೆಟ್ಟು ಬಾಗಿಲಲ್ಲಲ್ಲ, ದೇವರ ದೀಪದ ಮುಂದೆ. ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಬಾಳೆ ಎಲೆಯಲ್ಲಿ ಎಡೆ ಇಟ್ಟಿದ್ದರು, ಪಕ್ಕದಲ್ಲಿ ಗ್ಲಾಸಿನಲ್ಲಿ ಬ್ರಾಂದಿ. ಹಿರಿಯರಿಗೆ ಇಟ್ಟದ್ದನ್ನು ಆಮೇಲೆ ಸ್ವಲ್ಪ ಸ್ವಲ್ಪ ಹಂಚುತ್ತಾರೆ. ಚಿಕ್ಕಪ್ಪ ಗ್ಲಾಸ್ ನನ್ನ ಕಡೆ ಚಾಚಿದರು. "ಇದು ಕುಡಿಯೋದಲ್ಲ ಮಗ, ಪ್ರಸಾದ. ಬೇಡ ಅನ್ನಬಾರದು." ಸಾಮಾನ್ಯವಾಗಿ ಆಂಟಿಬಯೋಟಿಕ್ ತಗೋತಿದ್ದೀನಿ ಅಂತ ಸುಳ್ಳು ಹೇಳಿ ಪಾರಾಗಬಹುದು, ಆದರೆ ಸತ್ತ ಅಜ್ಜನ ಮುಂದೆ ಆಂಟಿಬಯೋಟಿಕ್ ಕಥೆ ಹೇಳಲು ಬಾಯಿ ಬರಲ್ಲ. ವಾಸನೆ ಮೂಗಿಗೆ ಬಡಿಯಿತು. ಬಾಯಲ್ಲಿ ನೀರು ಬಂತು, ನಿಜವಾಗಿಯೂ. ಎಲ್ಲರೂ ನೋಡುತ್ತಿದ್ದಾರೆ, ಯಾರೂ ಏನೂ ಅನ್ನುತ್ತಿಲ್ಲ.

ಆಗ ಗೋಡೆ ಬದಿ ಬೆಂಚಿನ ಮೇಲೆ ಕೂತಿದ್ದ ದೊಡ್ಡವ್ವ, ಎಂಬತ್ತು ದಾಟಿದವರು, ಕೈ ಚಾಚಿ "ಅವನ ಪಾಲು ಇಲ್ಲಿ ಕೊಡು" ಅಂದರು. ಒಂದೇ ಗುಟುಕಿಗೆ ಮುಗಿಸಿ, ಸೆರಗಲ್ಲಿ ಬಾಯಿ ಒರೆಸಿ, "ಕಾರಣವರಿಗೆ ತಲುಪಿತು, ಇನ್ನು ನಡೀರಿ" ಅಂದರು. ಎಲ್ಲರೂ ನಕ್ಕರು. ಚಿಕ್ಕಪ್ಪನೂ ನಕ್ಕರು, ಸ್ವಲ್ಪ ಮುಖ ಊದಿಸಿಕೊಂಡೇ.

ಹೊರಗೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಹಿಂದಿನ ವರ್ಷಗಳಲ್ಲಿ ಬೆಳಿಗ್ಗೆ ಹೊತ್ತು ನನ್ನ ಕೈ ಎಷ್ಟು ನಡುಗುತ್ತಿತ್ತು ಅಂದರೆ ಕೋವಿಗೆ ತುಂಬುವ ತೋಟೆ ನಳಿಗೆಯ ಅಂಚಿಗೆ ಬಡಿದು ಟಿಕ್ ಟಿಕ್ ಅಂತ ಸದ್ದಾಗುತ್ತಿತ್ತು, ಅದು ಯಾರಿಗೂ ಕೇಳಬಾರದು ಅಂತ ಕೆಮ್ಮುತ್ತಿದ್ದೆ. ಈ ಸಲ ತೋಟೆ ಸದ್ದಿಲ್ಲದೆ ಒಳಗೆ ಹೋಯಿತು. ಹೊಡೆದೆ. ಕಾಯಿಗೆ ತಾಗಲಿಲ್ಲ. ಕೈ ನಡುಗದಿದ್ದರೆ ಗುರಿ ತಾನಾಗಿ ಬರುತ್ತದೆ ಅಂತ ಯಾರೂ ಹೇಳಿಲ್ಲವಲ್ಲ.

ಊಟದ ವಿಷಯ ಮಾತ್ರ ಹೇಳಲೇಬೇಕು. ಕುಡಿಯುವವರು ಊಟಕ್ಕೆ ಕೂರುವಾಗ ನಾಲ್ಕು ಗಂಟೆ ಆಗಿರುತ್ತದೆ, ಆ ಹೊತ್ತಿಗೆ ಕರಿಯ ಮೇಲೆ ಬಿಳಿ ಕೊಬ್ಬು ಗಟ್ಟಿಯಾಗಿರುತ್ತದೆ. ನಾನು ಒಂದು ಗಂಟೆಗೆ ಮೊದಲ ಪಂಕ್ತಿಯಲ್ಲಿ ಮಕ್ಕಳ ಜೊತೆ ಕೂತೆ. "ಮಾವ, ನೀವು ಯಾಕೆ ಇಲ್ಲಿ?" ಅಂತ ಅಕ್ಕನ ಮಗ ಕೇಳಿದ. ಹಸಿವಾಯ್ತು ಅಂದೆ. ಕಡಂಬುಟ್ಟು ಮುರಿದರೆ ಒಳಗಿಂದ ಹಬೆ, ಕರಿಯಲ್ಲಿ ಕಾಚಂಪುಳಿಯ ಹುಳಿ ಮೊದಲು, ಆಮೇಲೆ ಕಾಳುಮೆಣಸು ಗಂಟಲಲ್ಲಿ. ನಮ್ಮ ಮನೆಯ ಕರಿ ಇಷ್ಟು ಚೆನ್ನಾಗಿರುತ್ತದೆ ಅಂತ ಮನೆಯವನಾದ ನನಗೇ ಗೊತ್ತಿರಲಿಲ್ಲ.

ಮೂರು ಗಂಟೆ ನಂತರ ನರಕ. ಕುಡಿಯದವನು ಕುಡಿದವರ ನಡುವೆ ಕೂರುವುದು ಎಷ್ಟು ಬೋರು ಅಂತ ಯಾರೂ ಹೇಳಿರಲಿಲ್ಲ. ಒಂದೇ ಕಥೆ, ಅದೇ ಹಂದಿ ಬೇಟೆ, ಪ್ರತಿ ಸಲವೂ ಹಂದಿ ಸ್ವಲ್ಪ ದೊಡ್ಡದು. ಬಿಸಿನೀರು ಸುರಿದ ರಮ್ಮಿನ ವಾಸನೆ ಬಂದಾಗ ಎದೆಯೊಳಗೆ ಏನೋ ಹಿಂಡಿದ ಹಾಗಾಯಿತು. ಆ ಆಸೆ ಹಾಗೇ ಏರುತ್ತಲೇ ಹೋಗಲ್ಲ, ಸ್ವಲ್ಪ ಹೊತ್ತು ತಡೆದರೆ ಇಳಿಯುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಹಿತ್ತಲಿಗೆ ಹೋಗಿ ಹಂಡೆ ತಿಕ್ಕುವ ಹೆಂಗಸರ ಜೊತೆ ಸೇರಿಕೊಂಡೆ. ಇಳಿಯಿತು. ಒಂದು ಗಂಟೆ ಬಿಟ್ಟು ಮತ್ತೆ ಬಂತು, ಮತ್ತೆ ಹಂಡೆ. ಆ ದಿನ ಐನ್‌ಮನೆಯ ಪಾತ್ರೆಗಳು ಹೊಳೆದಷ್ಟು ಯಾವತ್ತೂ ಹೊಳೆದಿರಲಿಕ್ಕಿಲ್ಲ.

ಕತ್ತಲಾದ ಮೇಲೆ ಚಿಕ್ಕಪ್ಪ ಜೀಪಿನ ಕೀ ತಂದು ನನ್ನ ಜೇಬಿಗೆ ಹಾಕಿದರು. ಏನೂ ಹೇಳಲಿಲ್ಲ. ಮಂಜು, ಜಾರುವ ಮಣ್ಣುದಾರಿ, ಹಿಂದೆ ಏಳು ಜನ, ಅದರಲ್ಲಿ ಇಬ್ಬರು ಹಾಡುತ್ತಿದ್ದರು, ಒಬ್ಬ ವಾಂತಿ ಬರುತ್ತೆ ಅಂತ ಪ್ರತಿ ತಿರುವಿನಲ್ಲೂ ನಿಲ್ಲಿಸಿದ. ಎಲ್ಲರನ್ನೂ ಅವರವರ ಮನೆ ಮುಟ್ಟಿಸಿ ನಾನು ಮಲಗುವಾಗ ಹನ್ನೆರಡೂವರೆ.

ಆವತ್ತಿನಿಂದ ಕುಟುಂಬದಲ್ಲಿ ನನಗೆ ಹೊಸ ಕೆಲಸ ಸಿಕ್ಕಿದೆ. ಗೋಣಿಕೊಪ್ಪದಲ್ಲಿ ಮದುವೆಯೋ, ವಿರಾಜಪೇಟೆಯಲ್ಲಿ ತಿಥಿಯೋ, ಮೊದಲ ಫೋನ್ ನನಗೇ ಬರುತ್ತದೆ. "ನೀನು ಬರ್ತೀಯಲ್ವಾ?" ಅಂತಾರೆ, ಅಷ್ಟು ಅಕ್ಕರೆಯಿಂದ. ಡೀಸೆಲ್ ದುಡ್ಡು ಕೇಳೋಕೆ ಶುರುಮಾಡಿದ್ದೇನೆ. ಚಿಕ್ಕಪ್ಪ ಮಾತ್ರ ಇನ್ನೂ ಕೊಟ್ಟಿಲ್ಲ.